ಗದಗಿನ ಸರಸ್ವತಿ ಗುಡಿಯಲ್ಲಿ ಮಗಳಿಗೆ ಅಕ್ಷರಾಭ್ಯಾಸ ಮಾಡಿಸಬಹುದಾ?

ಕೇಶ್ವಾಪುರದ ಅಮ್ಮ

ಎಲ್ಲರಿಗೂ ನಮಸ್ಕಾರ ರೀ. ಮಗಳಿಗೆ ನಾಲ್ಕು ತುಂಬಿತು. ಈ ದಸರಾಕ್ಕೆ ಅಕ್ಷರಾಭ್ಯಾಸ ಮಾಡಿಸಿಬಿಡೋಣ ಅಂತ ಮನೆಯಲ್ಲಿ ಮಾತಾಯಿತು. ಎಲ್ಲರೂ ಶೃಂಗೇರಿ ಅಂದರು. ನಮ್ಮ ಅತ್ತೆ ಮಾತ್ರ, "ಅಷ್ಟು ದೂರ ಯಾಕೆ, ಗದಗಿನಲ್ಲೇ ಸಾವಿರ ವರ್ಷದ ಸರಸ್ವತಿ ಗುಡಿ ಇದೆಯಲ್ಲ" ಅಂದರು. ಹೌದಲ್ವಾ ಅನಿಸಿತು. ಹುಬ್ಬಳ್ಳಿಯಿಂದ ಅರವತ್ತು ಕಿಲೋಮೀಟರ್ ಕೂಡ ಇಲ್ಲ.

ಹೋದ ಭಾನುವಾರ ನೋಡಿಕೊಂಡು ಬರೋಣ ಅಂತ ಹೋದೆವು. ತ್ರಿಕೂಟೇಶ್ವರನಿಗೆ ಕೈ ಮುಗಿದು, ಅದೇ ಅಂಗಳದಲ್ಲಿರುವ ಸರಸ್ವತಿ ಗುಡಿಗೆ ಬಂದೆವು. ಮಂಟಪದ ಕಂಬ ನೋಡಿ ನಮ್ಮ ಮನೆಯವರು ಅಲ್ಲೇ ನಿಂತುಬಿಟ್ಟರು, ಒಳಗೆ ಕರೆದರೂ ಬರಲಿಲ್ಲ. ನಾನು ಮಗಳನ್ನು ಎತ್ತಿಕೊಂಡು ಗರ್ಭಗುಡಿ ಬಾಗಿಲಿಗೆ ಹೋದೆ. ಪದ್ಮಾಸನ ಹಾಕಿ ಕೂತ ದೇವಿ. ಆದರೆ ಮೂರ್ತಿ ಒಡೆದಿದೆ, ಕೈಗಳು ಮುರಿದಿವೆ. ನಾವು ಹೋದಾಗ ಹೂವೂ ಇರಲಿಲ್ಲ, ದೀಪವೂ ಇರಲಿಲ್ಲ.

ಮಗಳು ಸ್ವಲ್ಪ ಹೊತ್ತು ನೋಡಿ, "ಅಮ್ಮಾ, ಕೈ ಇಲ್ಲದ ಈಕಿ ಹ್ಯಾಂಗ ಬರೀತಾಳ?" ಅಂತ ಕೇಳಿದಳು. ನನಗೆ ಉತ್ತರ ಬರಲಿಲ್ಲ. ಬರುವಾಗ ರೈಲಿನಲ್ಲಿ ಅಣ್ಣಿಗೇರಿ ದಾಟುವ ತನಕ ಅದನ್ನೇ ಕೇಳಿದಳು.

ಒಡೆದ ಮೂರ್ತಿ ಎದುರು ಅಕ್ಷರಾಭ್ಯಾಸ ಮಾಡಿಸಬಹುದಾ? ಗೊತ್ತಿದ್ದವರು ಹೇಳಿ. ಅತ್ತೆ ಈಗಲೂ ಅಲ್ಲೇ ಅಂತ ಹಟ ಹಿಡಿದಿದ್ದಾರೆ.

ಮಠದ ಓಣಿ

ತಂಗೀ, ಪೂಜೆಯ ಮನೆತನದವನಾಗಿ ಹೇಳುತ್ತೇನೆ. ಬೇಡ. ಮೂಲ ಮೂರ್ತಿಗೆ ಪೆಟ್ಟಾದರೆ ಪೂಜೆ ನಿಲ್ಲಿಸಬೇಕು ಅನ್ನುವುದು ಪದ್ಧತಿ. ಆ ಮೂರ್ತಿಯ ಕಳೆಯನ್ನು ಕಲಶಕ್ಕೆ ಇಳಿಸಿಕೊಂಡು, ಹೊಸ ಮೂರ್ತಿ ಮಾಡಿಸಿ ಅದರಲ್ಲಿ ತುಂಬುತ್ತಾರೆ. ಹಳೆಯದನ್ನು ನೀರಿಗೆ ಬಿಡುತ್ತಾರೆ. ಸಣ್ಣ ಬೆರಳು ಮುಕ್ಕಾದರೆ ಬೇರೆ ಮಾತು, ಕೈಯೇ ಹೋದರೆ ಬೇರೆ ಮಾತು.

ಆದರೆ ಗದಗಿಗೇ ಹೋಗಬೇಕು ಅಂದರೆ ದಾರಿ ಇದೆ. ತ್ರಿಕೂಟೇಶ್ವರನಿಗೆ ಪೂಜೆ ನಡೆಯುತ್ತದೆ. ಒಂದೇ ಪೀಠದ ಮೇಲೆ ಮೂರು ಲಿಂಗ, ಬ್ರಹ್ಮ ವಿಷ್ಣು ಮಹೇಶ್ವರ ಅಂತ ಹೇಳುವುದು. ಬ್ರಹ್ಮ ಇದ್ದ ಮೇಲೆ ಸರಸ್ವತಿ ಬೇರೆ ಎಲ್ಲಿ ಇರುತ್ತಾಳೆ? ಅಲ್ಲಿ ಒಂದು ಕಾಯಿ ಒಡೆಸಿ, ಅಕ್ಕಿ ತಾಟು ಮನೆಯಲ್ಲಿಟ್ಟು ಬರೆಸಿ. ನವರಾತ್ರಿಯ ಮೂಲಾ ನಕ್ಷತ್ರದ ದಿನ ನೋಡಿ, ಸರಸ್ವತಿ ಪೂಜೆಗೆ ಅದೇ ಒಳ್ಳೆಯದು.

ಖಡಕ್ ರೊಟ್ಟಿ

ಒಡೆದವರು ಯಾರು ಅಂತ ಯಾರೂ ಯಾಕೆ ಮಾತಾಡುತ್ತಿಲ್ಲ? ಎಲ್ಲರಿಗೂ ಗೊತ್ತಿದೆ, ಹೇಳಲಿಕ್ಕೆ ಹೆದರಿಕೆ ಅಷ್ಟೇ.

ಶಾಸನದ ಹುಚ್ಚು

ಖಡಕ್ ಅಣ್ಣಾ, ಎಲ್ಲರಿಗೂ ಗೊತ್ತಿದೆ ಅನ್ನುವುದು ಪುರಾವೆ ಅಲ್ಲ. ಈ ಸೀಮೆ ಚಾಲುಕ್ಯರು, ಸೇವುಣರು, ಹೊಯ್ಸಳರು, ದಿಲ್ಲಿ ದಂಡು, ವಿಜಯನಗರ, ಬಹಮನಿ, ಆದಿಲಶಾಹಿ, ಮರಾಠರು, ಇಂಗ್ಲಿಷರು ಎಲ್ಲರನ್ನೂ ಕಂಡಿದೆ. ಅವರೆಲ್ಲ ಹೋದ ಮೇಲೆ ನಿಧಿ ಆಸೆಗೆ ಪೀಠ ಕಿತ್ತವರು ನಮ್ಮ ಪಕ್ಕದ ಊರಿನವರೇ. ಮುರಿದ ಕೈ ನೋಡಿ ಮುರಿದವನ ಹೆಸರು ಹೇಳುವ ವಿದ್ಯೆ ನನಗಂತೂ ಬರುವುದಿಲ್ಲ.

ಕಲ್ಲಿನಲ್ಲಿ ಬರೆದದ್ದನ್ನು ಹೇಳುತ್ತೇನೆ, ಅದು ಇನ್ನೂ ಚೆನ್ನಾಗಿದೆ. ಮೊದಲು ಅತ್ತೆಯವರ ಲೆಕ್ಕ ಸ್ವಲ್ಪ ಸರಿ ಮಾಡೋಣ. ಪೂರ್ತಿ ಸಾವಿರ ಅಲ್ಲ. ಇದು ಕಲ್ಯಾಣ ಚಾಲುಕ್ಯರ ಕಾಲದ ಕೆಲಸ, 11-12ನೇ ಶತಮಾನ. ಆಗ ಗದಗಿಗೆ ಕ್ರತುಕ ಅಂತ ಹೆಸರು, ಸುತ್ತಲಿನ ನಾಡು ಬೆಳ್ವೊಲ-300, ಅಂದರೆ ಮುನ್ನೂರು ಊರಿನ ನಾಡು.

ಚಾಲುಕ್ಯರು ಸೊರಗಿದ ಮೇಲೆ ಈ ನೆಲಕ್ಕೆ ಇಬ್ಬರು ಬಡಿದಾಡಿದರು. ಉತ್ತರದಿಂದ ದೇವಗಿರಿಯ ಸೇವುಣ ಭಿಲ್ಲಮ, ದಕ್ಷಿಣದಿಂದ ಹೊಯ್ಸಳ ವೀರಬಲ್ಲಾಳ. ಸೊರಟೂರಿನ ಯುದ್ಧ ಅಂತ ಕೇಳಿರುತ್ತೀರಿ, ಅದು ನಮ್ಮ ಗದಗ ಜಿಲ್ಲೆಯ ಸೊರಟೂರೇ. ಈಗ ನೋಡಿ. 1191ರಲ್ಲಿ ಭಿಲ್ಲಮ ತ್ರಿಕೂಟೇಶ್ವರನಿಗೆ ಒಂದು ಊರು ದತ್ತಿ ಬಿಟ್ಟ, ಹಿರಿಯ ಹಂದಿಗೋಳ. 1192ರಲ್ಲಿ ಬಲ್ಲಾಳ ಗೆದ್ದು ಬಂದು ಅದೇ ದೇವರಿಗೆ ಇನ್ನೊಂದು ಊರು ಬಿಟ್ಟ, ಹೊಂಬಳಲು. ಇಬ್ಬರೂ ದತ್ತಿ ಒಪ್ಪಿಸಿದ್ದು ಒಬ್ಬನೇ ಆಚಾರ್ಯನಿಗೆ, ಸಿದ್ಧಾಂತಿ ಚಂದ್ರಭೂಷಣ ಪಂಡಿತ ಅಂತ. ರಾಜ ಬದಲಾದ, ಗುಡಿಯ ಸ್ವಾಮಿಗಳು ಬದಲಾಗಲಿಲ್ಲ! ಆತ ಕಾಳಾಮುಖ ಅನ್ನುವ ಶೈವ ಪಂಥದವನು. ಆ ಪಂಥದವರು ಓದಿಸುವುದರಲ್ಲಿ ಗಟ್ಟಿ ಜನ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ ಓದಿದರೆ ಅದು ಮಠವೋ ಕಾಲೇಜೋ ಅನಿಸುತ್ತದೆ.

ಹಿರೇಹಂದಿಗೋಳ, ಹೊಂಬಳ ಎರಡೂ ಊರು ಇವತ್ತಿಗೂ ಇವೆ. ಗದಗ ಬಸ್ ನಿಲ್ದಾಣದಲ್ಲಿ ಹೊಂಬಳದ ಬಸ್ ಕಂಡಾಗಲೆಲ್ಲ ನನಗೆ ಬಲ್ಲಾಳ ನೆನಪಾಗುತ್ತಾನೆ. ಹೆಂಡತಿ ನನ್ನನ್ನು ಹುಚ್ಚ ಅನ್ನುತ್ತಾಳೆ, ಅದಕ್ಕೇ ಈ ಹೆಸರು ಇಟ್ಟುಕೊಂಡಿದ್ದು.

ಕೇಶ್ವಾಪುರದ ಅಮ್ಮ

ಬಹಳ ಚಲೋ ಹೇಳಿದಿರಿ ಸರ್. ನಮ್ಮ ಮನೆಯವರ ಪ್ರಶ್ನೆ ಒಂದಿದೆ, ಅವರು ಇಲ್ಲಿ ಬರೆಯುವುದಿಲ್ಲ, ನನ್ನ ಹೆಗಲ ಮೇಲಿಂದ ಇಣುಕುತ್ತಾರೆ. ಆ ಕಂಬಗಳನ್ನು ಕೈಯಿಂದ ಕಡೆದದ್ದಾ, ಯಂತ್ರ ಇತ್ತಾ? ಅಷ್ಟು ದುಂಡಗೆ ಹೇಗೆ ಬಂತು ಅಂತ.

ಗೋಕುಲ ರೋಡ್ ಲೇತ್

ಈ ಪ್ರಶ್ನೆಗೆ ನಾನು ಬರಲೇಬೇಕು. ಹುಬ್ಬಳ್ಳಿ ಗೋಕುಲ ರೋಡಿನ ವರ್ಕ್‌ಶಾಪ್‌ಗಳಲ್ಲಿ ಲೇತ್, ಅಂದರೆ ತಿರುಗಿಸಿ ಕಡೆಯುವ ಯಂತ್ರದ ಮೇಲೆ 22 ವರ್ಷ ನಿಂತವನು. ಇತಿಹಾಸ ನನಗೆ ಬರುವುದಿಲ್ಲ. ದುಂಡಗಿರುವ ಜಾಬ್ ನೋಡಿದರೆ ತಿರುಗಿಸಿ ಮಾಡಿದ್ದೋ ಕೆತ್ತಿ ಮಾಡಿದ್ದೋ ಹೇಳಬಲ್ಲೆ.

ಮದುವೆಗೆ ಅಂತ ಗದಗಿಗೆ ಹೋದವನು ಊಟ ಬಿಟ್ಟು ಆ ಗುಡಿಯಲ್ಲಿ ಎರಡು ತಾಸು ಕಳೆದಿದ್ದೇನೆ. ಅಲ್ಲಿ ಎರಡು ತರಹದ ಕಂಬ ಇವೆ. ನಕ್ಷತ್ರದ ಹಾಗೆ ಮೂಲೆ ಮೂಲೆ ಇರುವವು, ಮೈ ತುಂಬ ಸಣ್ಣ ಸಣ್ಣ ಗೋಪುರ ಬಿಡಿಸಿದವು, ಅವು ಲೇತಿನವಲ್ಲ. ಪೂರ್ತಿ ಉಳಿ ಸುತ್ತಿಗೆ. ಇನ್ನೊಂದು ತರಹ ಇದೆ, ಗಂಟೆಯ ಆಕಾರ, ಬಳೆ ಪೇರಿಸಿದ ಹಾಗೆ ಉಂಗುರಗಳು. ಆ ಉಂಗುರದ ಸಂದಿನಲ್ಲಿ ಬೆಳಕು ಓರೆಯಾಗಿ ಬಿದ್ದಾಗ ನೋಡಿ, ಕೂದಲೆಳೆಯಂಥ ಗೆರೆಗಳು ಸುತ್ತ ಒಂದೇ ಸಮ ಓಡುತ್ತವೆ. ಅದು ಟೂಲ್ ಓಡಿದ ಗುರುತು. ಕೈಯಲ್ಲಿ ಕೆತ್ತಿದರೆ ಗೆರೆ ತುಂಡು ತುಂಡಾಗಿ ಬರುತ್ತದೆ, ಹಾಗೆ ಒಂದೇ ಓಟ ಬರುವುದಿಲ್ಲ. ಇನ್ನೊಂದು ಗುರುತು, ಕಂಬದ ಅಡಿಯಲ್ಲಿ ಚೌಕದ ಭಾಗ ಹಾಗೇ ಉಳಿದಿದೆ. ತಿರುಗುವ ಜಾಬ್‌ನಲ್ಲಿ ಚೌಕ ಮುಟ್ಟಲಿಕ್ಕೆ ಆಗುವುದಿಲ್ಲ, ಮೂಲೆ ಬಂದು ಟೂಲಿಗೆ ಹೊಡೆಯುತ್ತದೆ. ಅದಕ್ಕೆ ದುಂಡು ಬೇಕಾದಲ್ಲಿ ಮಾತ್ರ ತಿರುಗಿಸಿ, ಉಳಿದದ್ದು ಉಳಿಗೆ ಬಿಟ್ಟಿದ್ದಾರೆ. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಸಮಸ್ಯೆ ಇರುವುದು ತೂಕದಲ್ಲಿ. ಒಂದೂವರೆ ಅಡಿ ದಪ್ಪ, ಆರು ಅಡಿ ಎತ್ತರ ಅಂತ ಸುಮ್ನೆ ಹಿಡಿದರೂ ಆ ಕಲ್ಲು 800 ಕಿಲೋ ದಾಟುತ್ತದೆ. ಅದನ್ನು ನಮ್ಮ ಲೇತಿನ ಹಾಗೆ ಅಡ್ಡ ಮಲಗಿಸಿ ತಿರುಗಿಸುವುದು ಕಷ್ಟ, ನಡುವೆ ಜಗ್ಗುತ್ತದೆ. ನನ್ನ ಅಂದಾಜು, ಕಂಬವನ್ನು ನಿಲ್ಲಿಸಿ, ಕೆಳಗೆ ಮೊಳೆಯಂಥ ತುದಿ, ಮೇಲೆ ಹಿಡಿತ ಕೊಟ್ಟು, ಹಗ್ಗದಿಂದಲೋ ಎತ್ತಿನಿಂದಲೋ ತಿರುಗಿಸಿರಬೇಕು. ಕುಂಬಾರನ ತಿಗರಿ ಹಾಗೆ. ನಿಂತ ಕಲ್ಲು ತನ್ನ ಭಾರದಿಂದ ತಾನೇ ನೆಟ್ಟಗೆ ಇರುತ್ತದೆ. ನಿಧಾನ ತಿರುಗಿದರೂ ಸಾಕು, ಉಕ್ಕಿನ ಉಳಿ ಹಿಡಿದು ನಿಂತವನ ಕೈ ಅಲುಗಬಾರದು ಅಷ್ಟೇ. ಆಮೇಲೆ ಮರಳು ನೀರು ಹಾಕಿ ತಿಕ್ಕಿ ಫಿನಿಶಿಂಗ್.

ಎದುರುಬದುರು ಎರಡು ಕಂಬ ಜೋಡಿ ಬರಬೇಕಲ್ಲ, ಅದು ಇನ್ನೂ ಕಷ್ಟ. ನಮಗೆ ಅಳೆಯಲಿಕ್ಕೆ ವರ್ನಿಯರ್ ಇದೆ, ಡಯಲ್ ಇದೆ, ಆದರೂ ಗಿರಾಕಿ ಜಾಬ್ ವಾಪಸ್ ತರುತ್ತಾನೆ. ಅವನಿಗೆ ಏನಿತ್ತು? ಹಲಗೆಯಲ್ಲಿ ಆಕಾರ ಕತ್ತರಿಸಿಕೊಂಡು ಹಚ್ಚಿ ನೋಡಿರಬೇಕು. ಆ ಗುಡಿಯಲ್ಲಿ ನಾನು ಕೈ ಮುಗಿದದ್ದು ಆ ಕೆಲಸಗಾರನಿಗೆ. ತಪ್ಪು ತಿಳಿಯಬೇಡಿ.

ಮಠದ ಓಣಿ

ಇದರಲ್ಲಿ ತಪ್ಪೇನು, ವಿಶ್ವಕರ್ಮನಿಗೆ ಮುಗಿದಂತೆಯೇ. ಆದರೆ ಎತ್ತು ಕಟ್ಟಿ ಕಂಬ ತಿರುಗಿಸಿದರು ಅನ್ನುವುದು ನಿಮ್ಮ ಊಹೆ ತಾನೇ?

ಗೋಕುಲ ರೋಡ್ ಲೇತ್

ಎತ್ತು ಊಹೆ. ತಿರುಗಿಸಿದ್ದು ಊಹೆ ಅಲ್ಲ.

ಕಪ್ಪತಗುಡ್ಡದ ಗಾಳಿ

ಲೇತ್ ಅಣ್ಣನ ಮಾತಿಗೆ ಕಲ್ಲಿನ ಕಡೆಯಿಂದ ಒಂದು ಸೇರಿಸುತ್ತೇನೆ. ಇದೆಲ್ಲ ಸಾಧ್ಯವಾಗಿದ್ದು ಕಲ್ಲು ಬದಲಾಗಿದ್ದಕ್ಕೆ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಚಾಲುಕ್ಯರು ಕಟ್ಟಿದ್ದು ಮರಳುಗಲ್ಲಿನಲ್ಲಿ. ಅದು ಕಾಳು ಕಾಳು. ಅದರಲ್ಲಿ ದೊಡ್ಡ ಆಕಾರ ಚೆನ್ನಾಗಿ ಬರುತ್ತದೆ, ಕೂದಲೆಳೆ ಕೆಲಸ ಬರುವುದಿಲ್ಲ, ಉದುರುತ್ತದೆ. ಕಲ್ಯಾಣದವರು ಈ ಕಡೆ ಬಂದು ಬಳಪದ ಕಲ್ಲು ಹಿಡಿದರು. ಅಣ್ಣಿಗೇರಿ, ಲಕ್ಕುಂಡಿ, ಗದಗ, ದಂಬಳ, ಇಟಗಿ ಎಲ್ಲ ಅದರದ್ದೇ ವೈಭವ. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿ ಬಿಸಿಲಿಗೆ ಬರುತ್ತ ಬರುತ್ತ ಗಟ್ಟಿ. ಕೆತ್ತುವವನಿಗೆ ಇದಕ್ಕಿಂತ ಏನು ಬೇಕು?

ಗದಗ ಸೀಮೆಯ ಬೆಟ್ಟಗಳೇ ಈ ಜಾತಿಯ ಹಳೆಯ ಪದರಗಲ್ಲು. 1880ರ ದಶಕದಲ್ಲಿ ಬ್ರೂಸ್ ಫೂಟ್ ಅನ್ನುವ ಭೂವಿಜ್ಞಾನಿ ಈ ಬಂಡೆಗಳ ಗುಂಪಿಗೆ "ಧಾರವಾಡ" ಅಂತ ಹೆಸರಿಟ್ಟ. ಇವತ್ತಿಗೂ ಯಾವ ದೇಶದ ಭೂವಿಜ್ಞಾನಿಗೆ ಹೇಳಿದರೂ ಅರ್ಥವಾಗುತ್ತದೆ. ಧಾರವಾಡ ಅಂದರೆ ಪೇಡೆ ಅಂತ ನಾವು ಅಂದುಕೊಂಡಿರುತ್ತೇವೆ, ಅವರಿಗೆ ಅದು ಕಲ್ಲು.

ಹೇಳಬೇಕಾದ ಮಾತು ಈಗ ಬಂತು. ಅಕ್ಕಾ, ನಿಮ್ಮ ಮಗಳು ಪಾಟಿ ಮೇಲೆ ಬರೆಯುತ್ತಾಳಲ್ಲ ಬಳಪ, ಅದೂ ಇದೇ ಮನೆತನದ ಕಲ್ಲು. ಹೆಸರಿನಲ್ಲೇ ಇದೆ ನೋಡಿ, ಬಳಪದ ಕಲ್ಲು. ಬರೆಯುವ ಬಳಪ ಜಾಸ್ತಿ ಮೆತ್ತಗೆ, ಕಂಬದ್ದು ಹಸಿರು ಖನಿಜ ಕೂಡಿಕೊಂಡು ಸ್ವಲ್ಪ ಗಟ್ಟಿ, ಅಷ್ಟೇ ವ್ಯತ್ಯಾಸ. ಸರಸ್ವತಿಗೆ ಬಳಪದಲ್ಲೇ ಮನೆ ಕಟ್ಟಿದ್ದಾರೆ.

ಬೆಟಗೇರಿ ಮಗ್ಗ

ಯಪ್ಪಾ! ದಿನಾ ಅದರ ಮುಂದೆ ಓಡಾಡುವವರು ನಾವು, ಇದು ಹೊಳೆದೇ ಇರಲಿಲ್ಲ.

ನನ್ನದೊಂದು ದೂರು. ಅಲ್ಲಿಗೆ ಹೋದ ಹುಡುಗರು ಕೀಲಿಕೈಯಿಂದ ಕಂಬ ಗೀರುತ್ತಾರೆ. ಬಾಣ ಹೊಡೆದ ಹೃದಯ, ಅದರ ಎರಡು ಕಡೆ ಎರಡು ಅಕ್ಷರ. ಮೆತ್ತಗಿನ ಕಲ್ಲು ಅಂತ ಇಲ್ಲಿ ಓದಿ ಇನ್ನಷ್ಟು ಜನ ಗೀರದಿದ್ದರೆ ಸಾಕು. ನಾನು ನೇಕಾರ. ಆ ನಕ್ಷತ್ರ ಕಂಬದ ಮೇಲಿನ ಪಟ್ಟಿ ನೋಡಿದಾಗಲೆಲ್ಲ ಸೀರೆ ದಡಿ ಎಣಿಸಿದ ಹಾಗೆ ಎಣಿಸುತ್ತೇನೆ. ಒಂದು ಎಳೆ ತಪ್ಪಿಲ್ಲ ರೀ.

ಖಡಕ್ ರೊಟ್ಟಿ

ಹಾಗಾದರೆ ಹೊಸ ಮೂರ್ತಿ ಕೂರಿಸಿ ಪೂಜೆ ಶುರು ಮಾಡಲಿ. ಸಮಸ್ಯೆ ಏನು?

ಶಾಸನದ ಹುಚ್ಚು

ಸಮಸ್ಯೆ ಕಾನೂನು. ಆ ಗುಡಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಕಾಯ್ದೆ. ರಕ್ಷಣೆಗೆ ತೆಗೆದುಕೊಂಡಾಗ ಪೂಜೆ ನಡೆಯುತ್ತಿದ್ದರೆ ಮುಂದುವರಿಯುತ್ತದೆ, ಇಲ್ಲದ ಕಡೆ ಹೊಸದಾಗಿ ಶುರು ಮಾಡುವ ಹಾಗಿಲ್ಲ. ಸುತ್ತ 100 ಮೀಟರ್ ಒಳಗೆ ಕಟ್ಟಡವನ್ನೂ ಕಟ್ಟುವಂತಿಲ್ಲ. ಜನ ಇಲಾಖೆಗೆ ಬೈಯುತ್ತಾರೆ. ನಾನೂ ಬೈದಿದ್ದೇನೆ, ಬೇರೆ ಕಾರಣಕ್ಕೆ. ಆದರೆ ಪೂಜೆ ಶುರುವಾದ ಎಷ್ಟೋ ಹಳೆಯ ಗುಡಿಗಳಲ್ಲಿ ಏನಾಗಿದೆ ಹೇಳಿ? ಕಂಬಕ್ಕೆ ಆಯಿಲ್ ಪೇಂಟ್, ನೆಲಕ್ಕೆ ಬಚ್ಚಲಮನೆ ಟೈಲ್ಸ್, ಬಾಗಿಲಿಗೆ ಸ್ಟೀಲ್ ಗ್ರಿಲ್. ಲೇತ್ ಅಣ್ಣ ಕಂಡ ಆ ಕೂದಲೆಳೆ ಗೆರೆ ಒಂದು ಕೋಟ್ ಪೇಂಟಿಗೆ ಮುಗಿದುಹೋಗುತ್ತದೆ. ಒಡೆದ ದೇವಿಯನ್ನು ಹಾಗೇ ಬಿಟ್ಟಿದ್ದಕ್ಕೆ ಕಂಬ ಉಳಿದಿವೆ ಅನ್ನುವುದು ನನ್ನ ಅಭಿಪ್ರಾಯ. ಎಲ್ಲರೂ ಒಪ್ಪಬೇಕು ಅಂತಿಲ್ಲ.

ಮಠದ ಓಣಿ

ಒಪ್ಪುವುದಿಲ್ಲ. ದೀಪ ಇಲ್ಲದ ಗುಡಿ ಮ್ಯೂಸಿಯಂ. ಆದರೆ ಟೈಲ್ಸ್ ವಿಷಯ ಒಪ್ಪುತ್ತೇನೆ, ಅದು ನಮ್ಮವರ ಕರ್ಮ.

ಏಲಕ್ಕಿ ಹಾರ

ಹಾವೇರಿಯಿಂದ ಬರೆಯುತ್ತಿದ್ದೇನೆ. ನೀವು ಕಲ್ಲಿನ ದೇವಿಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಿದ್ದೀರಿ, ನಮ್ಮ ಕಡೆ ದ್ಯಾಮವ್ವನ ಕತೆಯೇ ಬೇರೆ. ಆಕೆ ಕಟ್ಟಿಗೆಯವಳು. ಕೆಲವು ವರ್ಷಕ್ಕೊಮ್ಮೆ ಜಾತ್ರೆ. ಅದಕ್ಕೆ ಮೊದಲು ಹಳೆ ಬಣ್ಣ ತೆಗೆದು, ಸವೆದ ಕಡೆ ಸರಿಮಾಡಿ, ಹೊಸ ಬಣ್ಣ ಹಚ್ಚುತ್ತಾರೆ. ಆ ದಿನಗಳಲ್ಲಿ ದೇವಿ ಮನೆಯಲ್ಲಿಲ್ಲ ಅಂತಲೇ ಲೆಕ್ಕ. ಆಮೇಲೆ ದೃಷ್ಟಿ ಇಟ್ಟು, ಉಡಿ ತುಂಬಿ ಹೊರಗೆ ತರುತ್ತಾರೆ. ನಮ್ಮಜ್ಜಿ ಹೇಳುತ್ತಿದ್ದಳು, "ದ್ಯಾಮವ್ವ ಹಳೇಕಿ ಆಗೂದಿಲ್ಲ, ಆಕಿ ತವರಿಗೆ ಹೋಗಿ ಬರತಾಳ" ಅಂತ. ಕಟ್ಟಿಗೆಗೆ ರಿಪೇರಿ ಇದೆ, ಕಲ್ಲಿಗೆ ಇಲ್ಲ. ರಾಜರ ದೇವಿಗಿಂತ ಓಣಿಯ ದೇವಿಯೇ ಗಟ್ಟಿ ಬಾಳಿದಳು ಅಂತ ನನಗೆ ಅನಿಸುತ್ತದೆ.

ದಂಬಳದ ಕೆರೆ

ದೇವಿಯರ ಲೆಕ್ಕ ಹಾಕುವಾಗ ನಮ್ಮೂರನ್ನು ಬಿಡಬೇಡಿ. ದಂಬಳ ಅಂದರೆ ಎಲ್ಲರೂ 24 ಮೂಲೆಯ ದೊಡ್ಡಬಸಪ್ಪನ ಗುಡಿ ನೋಡಿ, ಫೋಟೋ ಹೊಡೆದು ಹೋಗುತ್ತಾರೆ. 1095ರ ಒಂದು ಶಾಸನ ಇದೆ, ಆರನೇ ವಿಕ್ರಮಾದಿತ್ಯನ ಕಾಲದ್ದು. ಅದು ಶುರುವಾಗುವುದೇ ಬುದ್ಧನಿಗೆ ನಮಸ್ಕಾರದಿಂದ. ಆಮೇಲೆ ತಾರಾದೇವಿಯ ಸ್ತುತಿ. ಆಗ ಊರಿನ ಹೆಸರು ಧರ್ಮವೊಳಲ್. ಊರಿನ ಸೆಟ್ಟರು ಬೌದ್ಧ ವಿಹಾರ ಕಟ್ಟಿಸಿದ್ದರು, ಲೊಕ್ಕಿಗುಂಡಿಯ, ಅಂದರೆ ಈಗಿನ ಲಕ್ಕುಂಡಿಯ ಸೆಟ್ಟಿಯೊಬ್ಬ ತಾರಾದೇವಿಗೆ ಕಟ್ಟಿಸಿದ್ದ. 11ನೇ ಶತಮಾನದ ಕೊನೆಗೆ, ಕನ್ನಡ ನಾಡಿನ ಈ ಮೂಲೆಯಲ್ಲಿ ಬೌದ್ಧ ದೇವಿ! ಅಂದರೆ ಹತ್ತಿಪ್ಪತ್ತು ಕಿಲೋಮೀಟರ್ ಅಂತರದಲ್ಲಿ ಗದಗಿನಲ್ಲಿ ಶೈವರ ಅಂಗಳದಲ್ಲಿ ಸರಸ್ವತಿ, ಲಕ್ಕುಂಡಿಯಲ್ಲಿ ಜೈನ ಬಸದಿ, ನಮ್ಮಲ್ಲಿ ತಾರೆ. ದುಡ್ಡು ಕೊಟ್ಟವರು ಬಹಳ ಕಡೆ ವ್ಯಾಪಾರಿಗಳು. ಆ ವಿಹಾರ ಈಗ ಇಲ್ಲ, ಹೆಸರು ಮಾತ್ರ ಕಲ್ಲಿನಲ್ಲಿದೆ.

ಕನ್ನಡ ಶಾಲೆ ಮಾಸ್ತರ

ಓದುತ್ತ ಓದುತ್ತ ರಾತ್ರಿ ಹನ್ನೊಂದಾಯಿತು. ಮಗುವಿನ ಪ್ರಶ್ನೆಯನ್ನು ಎಲ್ಲರೂ ಮರೆತಿರಿ. ಕೈ ಇಲ್ಲದವಳು ಹೇಗೆ ಬರೆಯುತ್ತಾಳೆ?

ಬರೆಸಿದಳು ಅಂತ ಹೇಳಿ. ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದವಳು. ಅಚ್ಚಿನ ಮೊಳೆ ಇಲ್ಲದ ಕಾಲ, ಒಂದೊಂದು ಪ್ರತಿಯನ್ನೂ ಓಲೆಗರಿಯ ಮೇಲೆ ಕೈಯಲ್ಲೇ ಬರೆಯಬೇಕು. ಕಲಬುರಗಿ ಕಡೆಯ ನಾಗಾವಿಯ 1058ರ ಶಾಸನದಲ್ಲಿ ಘಟಿಕಾಶಾಲೆಗೆ, ಅಂದರೆ ಆಗಿನ ವಿದ್ಯಾಪೀಠಕ್ಕೆ, 6 ಜನ "ಸರಸ್ವತೀ ಭಂಡಾರಿಗರು" ಇದ್ದರು ಅಂತ ಬರುತ್ತದೆ. ಪುಸ್ತಕ ಕಾಯುವವರು, ಇವತ್ತಿನ ಲೈಬ್ರರಿಯನ್ನರು. ಆಗ ಪುಸ್ತಕದ ಕೋಣೆಗೇ ಸರಸ್ವತಿಯ ಹೆಸರು. ನಮ್ಮ ಶಾಲೆಯಲ್ಲಿ ಒಬ್ಬ ಲೈಬ್ರರಿಯನ್ ಕೂಡ ಇಲ್ಲ, ಕೀಲಿ ನನ್ನ ಹತ್ತಿರವೇ ಇದೆ.

ಗದಗಿನ ಮಾತು ಬಂದ ಮೇಲೆ ವೀರನಾರಾಯಣನ ಗುಡಿಯ ಕುಮಾರವ್ಯಾಸನನ್ನು ಬಿಡಲಾಗುವುದಿಲ್ಲ. ಹಲಗೆ ಬಳಪ ಹಿಡಿಯದೆ ಬರೆಯುವುದು ತನ್ನ ಅಗ್ಗಳಿಕೆ ಅಂತ ಜಂಬ ಕೊಚ್ಚಿಕೊಂಡವನು ಅವನು. ಅಂದರೆ ಕಚ್ಚಾ ಪ್ರತಿಯೇ ಇಲ್ಲ, ನೇರ ಓಲೆಗೆ. ಬಳಪದ ಕಲ್ಲಿನ ಊರಿನಲ್ಲಿ ಕೂತು ಬಳಪ ಬೇಡ ಅಂದವನು! ಆದರೆ ಮಗುವಿಗೆ ಇದನ್ನು ಈಗಲೇ ಹೇಳಬೇಡಿ, ಆಮೇಲೆ ಪಾಟಿ ಎಸೆದರೆ ಕಷ್ಟ. ಈಗ ಇದೇ ಗದಗ ಮುದ್ರಣಕ್ಕೆ ಹೆಸರುವಾಸಿ. ನಮ್ಮ ಮನೆಯ ಕ್ಯಾಲೆಂಡರ್ ಕೂಡ ಅಲ್ಲಿಂದಲೇ ಬರುವುದು.

ಕೇಶ್ವಾಪುರದ ಅಮ್ಮ

ಎಲ್ಲರೂ ಕ್ಷಮಿಸಿ, ಉತ್ತರ ಕೊಡುವುದು ತಡವಾಯಿತು. ದಸರಾ, ಖಂಡೆ ಪೂಜೆ, ಬನ್ನಿ, ನೆಂಟರು, ಎಲ್ಲ ಮುಗಿದು ಈಗ ಕೂತಿದ್ದೇನೆ.

ಮಠದ ಓಣಿ ಅಣ್ಣ ಹೇಳಿದಂತೆ ಮೂಲಾ ನಕ್ಷತ್ರದ ದಿನ ಮನೆಯಲ್ಲೇ ಮಾಡಿದೆವು. ತಾಟಿನಲ್ಲಿ ಅಕ್ಕಿ ಹರಡಿ, ಅರಿಶಿಣ ಕೊಂಬು ಕೊಟ್ಟು, ಅತ್ತೆಯವರೇ ಕೈ ಹಿಡಿದು ಶ್ರೀ ಬರೆಸಿದರು. ಮಗಳು ಅರ್ಧಕ್ಕೇ ಅಕ್ಕಿ ಬಾಯಿಗೆ ಹಾಕಿಕೊಂಡಳು. ಮರುದಿನ ಗದಗಿಗೆ ಹೋದೆವು. ತ್ರಿಕೂಟೇಶ್ವರನಿಗೆ ಕಾಯಿ ಒಡೆಸಿ, ಸರಸ್ವತಿ ಗುಡಿಯ ಮಂಟಪದಲ್ಲಿ ಸ್ವಲ್ಪ ಹೊತ್ತು ಕೂತೆವು. ಪೂಜೆ ಏನೂ ಮಾಡಲಿಲ್ಲ. ಮಗಳ ಕೈಗೆ ಪಾಟಿ ಬಳಪ ಕೊಟ್ಟೆ. ಈ ಬಳಪವೂ ಕಂಬವೂ ಒಂದೇ ಜಾತಿಯ ಕಲ್ಲು ಅಂತ ಹೇಳಿದೆ. ನಂಬಲಿಲ್ಲ. ಕಂಬವನ್ನೊಮ್ಮೆ ನೋಡಿದಳು, ಬಳಪವನ್ನೊಮ್ಮೆ ನೋಡಿದಳು, "ಇಷ್ಟ್ ದೊಡ್ಡದು ಯಾರು ಹಿಡೀತಾರ?" ಅಂದಳು. ಆಮೇಲೆ ಪಾಟಿ ಮೇಲೆ ದೇವಿಯನ್ನು ಬರೆದಳು. ಕೈ ಏಳು ಬಂದಿವೆ. ಅತ್ತೆ ಎಣಿಸಿ ನೋಡಿ, "ಇರಲಿ ಬಿಡು, ಕಡಿಮೆ ಆಗೂದಕ್ಕಿಂತ ಚಲೋ" ಅಂದರು.

ನಮ್ಮ ಮನೆಯವರು ಈ ಸಲವೂ ಒಳಗೆ ಬರಲಿಲ್ಲ. ಮೊಬೈಲ್ ಟಾರ್ಚ್ ಹಿಡಿದು ಉಂಗುರದ ಸಂದು ನೋಡುತ್ತಿದ್ದರು. ಗೆರೆ ಕಂಡವಂತೆ. ಲೇತ್ ಅಣ್ಣನಿಗೆ ಹೇಳು ಅಂತ ಮೂರು ಸಲ ಹೇಳಿದ್ದಾರೆ.

ಬೆಟಗೇರಿ ಮಗ್ಗ

ಬದನೆಕಾಯಿ ಬಜಿ ತಿಂದಿರೋ ಇಲ್ಲವೋ?

ಕೇಶ್ವಾಪುರದ ಅಮ್ಮ

ತಿನ್ನದೆ ಬಿಡುತ್ತೇವಾ. ಎರಡು ಪ್ಲೇಟ್.

ಗೋಕುಲ ರೋಡ್ ಲೇತ್

ಅಣ್ಣಾವ್ರಿಗೆ ನನ್ನ ನಮಸ್ಕಾರ ತಿಳಿಸಿ. ಮಗಳು ಕಂಬ ಮುಟ್ಟಿದಳಾ?

ಕೇಶ್ವಾಪುರದ ಅಮ್ಮ

ಮುಟ್ಟಿದಳು. ತಣ್ಣಗಿದೆ ಅಂದಳು.